ಪರದೆಯ ಮೇಲೆ ಕಂಡ ಪಾದ

ಅಝ್ರೂ,
ಮೇ ೫, ಭಾನುವಾರ

ನನ್ನ ಕಣ್ಣೇ ಅನೀರ್,

ಹೇಗಿದ್ದೀಯ ಮಗನೇ? ಸ್ಪೇನಿನ ಆ ಪ್ಲಾಸ್ಟಿಕ್ ಚಪ್ಪರಗಳೊಳಗೆ ಈಗಲೇ ಸೆಕೆ ಶುರುವಾಗಿರಬೇಕು. ಟೊಮೆಟೊ ಕೀಳುವಾಗ ಇಡೀ ದಿನ ನಿಂತೇ ಇರುತ್ತೀಯೋ, ನಡುವೆ ಕೂರಲು ಬಿಡುತ್ತಾರೋ? ಕಾಲು ಊದಿದರೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಡು, ಬರೀ ಮಾತ್ರೆ ನುಂಗಿ ಮಲಗಬೇಡ. ನಾನು ಚೆನ್ನಾಗಿದ್ದೇನೆ. ದೇವದಾರು ಕಾಡಿನ ಕಡೆಯಿಂದ ಇನ್ನೂ ತಣ್ಣನೆಯ ಗಾಳಿ ಬರುತ್ತಿದೆ, ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಹಾಗೇ ಇದೆ. ಫೋನಿನಲ್ಲಾದರೆ ನೀನು ‘ಚೆನ್ನಾಗಿದೀನಿ ಯಮ್ಮಾ, ಕೆಲಸಕ್ಕೆ ಹೊತ್ತಾಯ್ತು’ ಎಂದು ಮುಗಿಸಿಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಕತ್ತರಿಸಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಹೆಂಗಸರ ಓದುಬರಹದ ತರಗತಿಯಲ್ಲಿ ಇಷ್ಟು ನೆಟ್ಟಗೆ ಬರೆಯುವವಳು ನಾನೊಬ್ಬಳೇ.

ಕಳೆದ ವಾರ ಫೆಸ್ ನಗರದಲ್ಲಿ ನಿನ್ನ ತಂಗಿ ತಿಲೀಲಾಗೆ ಸನ್ಮಾನವಾಯಿತು. ಬೂಟು ಕಾಲಿಗೆ ಏನು ಮಾಡುತ್ತದೆ ಎಂದು ಇಷ್ಟು ವರ್ಷ ಪ್ರಯೋಗಾಲಯದಲ್ಲಿ ಕೂತು ಅಳೆದಳಲ್ಲ, ಅದಕ್ಕೆ. ದೇಶವಿದೇಶಗಳಿಂದ ಪಂಡಿತರು ಬಂದಿದ್ದರು. ನಾನು ಹಬ್ಬದ ನೀಲಿ ಜೆಲ್ಲಾಬಾ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ. ನೀವೂ ಬರಲೇಬೇಕಾ ಯಮ್ಮಾ ಎಂದು ಅವಳು ಮೂರು ಸಲ ಕೇಳಿದ್ದಳು. ಸಂಕೋಚ ಎಂದುಕೊಂಡಿದ್ದೆ.

ದೀಪ ಆರಿಸಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಒಂದು ಪಾದದ ಗುರುತು ತೋರಿಸಿದರು. ಭಾರ ಬೀಳುವಲ್ಲಿ ಕೆಂಪು, ಹಗುರಾದಲ್ಲಿ ನೀಲಿ. ಕಿರುಬೆರಳು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಪಕ್ಕದ ಬೆರಳಿನ ಮೇಲೆ ಹತ್ತಿ ಕೂರುವ ನಿನ್ನ ಕಿರುಬೆರಳಿಗೆ ಆಲಿವ್ ಎಣ್ಣೆ ಹಚ್ಚಿ, ಬಿಡಿಸಿ ಬಿಡಿಸಿ, ಅದು ನೆಲ ಮುಟ್ಟಲೆಂದು ಹಂಬಲಿಸಿದವಳು ನಾನು. ನಿನ್ನ ಪಾದ ನನಗೆ ಗೊತ್ತಾಗುವುದಿಲ್ಲವೇ?

ಸಭೆಯ ಅಧ್ಯಕ್ಷರು ವಿವರಿಸುತ್ತಿದ್ದರು. ಓಟದ ಹೊಸ ಬೂಟುಗಳ ಅಟ್ಟೆಯೊಳಗೆ ಒಂದು ಗಟ್ಟಿ ಹಾಳೆ ಇರುತ್ತದಂತೆ. ಅದು ವೇಗ ಕೊಡುತ್ತದೆ, ಆದರೆ ಕೆಲವರಿಗೆ ಪಾದದ ನಡುವಿನ ಸಣ್ಣ ಮೂಳೆಯ ಮೇಲೆ ಭಾರ ಹೇರುತ್ತದೆ. ಆ ಮೂಳೆ ಮುರಿಯುವ ಮುಂಚೆ ಹೆಜ್ಜೆ ಹೇಗೆ ಬದಲಾಗುತ್ತದೆಂದು ಯಾರೂ ಕಂಡಿರಲಿಲ್ಲ. ತಿಲೀಲಾ ಒಬ್ಬ ಓಟಗಾರನನ್ನು ವಾರವಾರವೂ, ಮೂಳೆ ಮುರಿಯುವ ಹಿಂದಿನ ದಿನದವರೆಗೂ ಅಳೆದಿದ್ದಳು. ‘ಓಟಗಾರನ ಹೆಸರು ಹೇಳುವಂತಿಲ್ಲ’ ಎಂದರು ಅಧ್ಯಕ್ಷರು. ಎಲ್ಲರೂ ಚಪ್ಪಾಳೆ ತಟ್ಟಿದರು.

ರಬಾತಿನ ಆಯ್ಕೆ ಓಟದಲ್ಲಿ ನೀನು ಕಲ್ಲು ಎಡವಿ ಬಿದ್ದು ಕಾಲು ಮುರಿದುಕೊಂಡೆ ಎಂದಲ್ಲವೇ ಇಬ್ಬರೂ ನನಗೆ ಹೇಳಿದ್ದು?

ತಿಲೀಲಾ ವೇದಿಕೆ ಹತ್ತಿದಳು, ಫಲಕ ತೆಗೆದುಕೊಂಡಳು, ಇಳಿದು ಬಂದಳು. ನನ್ನ ಪಕ್ಕದಲ್ಲಿ ಕೂತಿದ್ದ ಖೆನಿಫ್ರಾ ಊರಿನ ಹೆಂಗಸು ಅವಳನ್ನು ಅಪ್ಪಿಕೊಂಡು ಅತ್ತಳು. ಆ ಹೆಂಗಸಿನ ಮಗಳೂ ಓಟಗಾರ್ತಿ. ಚಳಿಗಾಲದಲ್ಲಿ ತಿಲೀಲಾ ಆ ಹುಡುಗಿಯ ಹೆಜ್ಜೆ ನೋಡಿ ಅಂದೇ ಅವಳ ಓಟ ನಿಲ್ಲಿಸಿದಳಂತೆ, ಮೂಳೆಯ ಬಿರುಕು ಕೂಡಿಕೊಂಡಿತಂತೆ. ‘ನಿಮ್ಮ ಮಗಳಿಂದ ನನ್ನ ಮಗಳ ಕಾಲು ಉಳೀತು ಅಕ್ಕಾ’ ಎಂದು ನನ್ನ ಕೈಗೆ ಮುತ್ತಿಟ್ಟಳು. ನಾನು ಅಲ್ಲಾಹನ ಹೆಸರು ಹೇಳಿದೆ.

ಹೊರಗೆ ಕಲ್ಲುಬೆಂಚಿನ ಮೇಲೆ ಕೂರಿಸಿ ನಿನ್ನ ತಂಗಿಯನ್ನು ಕೇಳಿದೆ. ಅವಳು ತಲೆ ಎತ್ತಲಿಲ್ಲ.

‘ಅಣ್ಣನ ಹೆಜ್ಜೆ ಬದಲಾಗ್ತಿರೋದು ಕಂಡು ನಿಲ್ಸು ಅಂದೆ ಯಮ್ಮಾ. ಆಯ್ಕೆ ಒಂದು ಮುಗೀಲಿ, ಕೋಚ್‌ಗೆ ಹೇಳ್ಬೇಡ ಅಂತ ಕೈ ಹಿಡ್ಕೊಂಡ. ನಾನು ಹೇಳ್ಲಿಲ್ಲ.’

‘ಹೇಳಿದ್ರೆ ಏನಾಗ್ತಿತ್ತು?’

‘ನನ್ನ ಜೊತೆ ಮಾತು ಬಿಡ್ತಿದ್ದ.’ ಮಡಿಲಲ್ಲಿದ್ದ ಫಲಕವನ್ನು ಮಗುಚಿಟ್ಟು ಅಂದಳು, ‘ಈಗ್ಲೂ ಬಿಟ್ಟಿದ್ದಾನೆ.’

ಮಗನೇ, ಊರಿಗೆ ಬರುವ ದಾರಿಯುದ್ದಕ್ಕೂ ಟ್ಯಾಕ್ಸಿಯಲ್ಲಿ ನಾನು ಯಾರ ಮೇಲೆ ಸಿಟ್ಟಾಗಲಿ ಎಂದು ಹುಡುಕುತ್ತಿದ್ದೆ. ಓಡಲೇಬೇಕೆಂದ ನಿನ್ನ ಮೇಲೆಯೇ? ಅಣ್ಣನ ಆಸೆ ಮುರಿಯಲಾರದೆ ಬಾಯಿ ಮುಚ್ಚಿಕೊಂಡ ಅವಳ ಮೇಲೆಯೇ? ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದಳು, ರೆಪ್ಪೆ ಮಾತ್ರ ಅದುರುತ್ತಿತ್ತು. ನೀನು ಸ್ಪೇನಿಗೆಂದು ಕುಂಟುತ್ತಾ ಬಸ್ಸು ಹತ್ತಿದ ದಿನ ಅವಳು ಬಾಗಿಲಿಗೆ ಬರಲಿಲ್ಲವೆಂದು ನಾನು ಬೈದಿದ್ದೆ, ನೆನಪಿದೆಯೇ? ನೀವಿಬ್ಬರೂ ಸೇರಿ ನನ್ನಿಂದ ಮುಚ್ಚಿಟ್ಟದ್ದು ಒಂದೇ ನೋವು. ನನಗೆ ಹೇಳಿದ್ದರೆ ಅದು ಮೂವರಿಗೆ ಹಂಚಿಹೋಗುತ್ತಿತ್ತು. ನಾನು ಇರುವುದು ಮತ್ತೇಕೆ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಾಹನು ನಿನ್ನ ಒಂದೊಂದು ಹೆಜ್ಜೆಯನ್ನೂ ಕಾಯಲಿ, ನಿನ್ನ ದುಡಿಮೆಯಲ್ಲಿ ಬರಕತ್ ಕೊಡಲಿ.

ನಿನ್ನ ತಾಯಿ
ಯಾಮ್ನಾ

ಇನ್ನೊಂದು ಮಾತು, ಅಂಚೆಗೆ ಹೋಗುವವರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಸನ್ಮಾನವಾದಂದಿನಿಂದ ತಿಲೀಲಾ ಪ್ರಯೋಗಾಲಯಕ್ಕೆ ಹೋಗಿಲ್ಲ. ಇನ್ನು ಹೋಗುವುದೇ ಇಲ್ಲ ಎನ್ನುತ್ತಾಳೆ. ಖೆನಿಫ್ರಾದ ಆ ಹುಡುಗಿಯಂಥವರು ಇನ್ನೂ ಎಷ್ಟೋ ಜನ ಅವಳಿಗಾಗಿ ಕಾದಿದ್ದಾರಂತೆ. ನನ್ನ ಮಾತು ಅವಳ ಕಿವಿಗೆ ಬೀಳುತ್ತಿಲ್ಲ. ನೀನು ನನಗೆ ಉತ್ತರ ಬರೆಯಬೇಡ ಅನೀರ್. ಅವಳಿಗೆ ಬರೆ. ಬೈದಾದರೂ ಬರೆ.