ಮಯೂರ ಶಿಖರದ ಮೂಲೆಗಂಬ

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ೨೧೪೮

ಮಯೂರ ಶಿಖರ ಅಪಾರ್ಟ್‌ಮೆಂಟಿನಲ್ಲಿ ಮೊದಲಿಗರಾಗಿ ಫ್ಲ್ಯಾಟ್ ಕೊಳ್ಳಲು ಹೊರಟಿರುವವರಿಗೆ,

ಈ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಾನು ಸರ್ವಮಂಗಳಾ ಕುಂದಗೋಳ, ಕಟ್ಟಡವೈದ್ಯೆ. ನದಿಗಳ ಮರಳು ಮುಗಿದ ಮೇಲೆ ನಮ್ಮ ಊರುಗಳಲ್ಲಿ ಹೊಸ ಬಹುಮಹಡಿಗಳನ್ನು ಕಟ್ಟುವುದು ನಿಂತಿತು. ನೀವು ಕಟ್ಟಿದವುಗಳಲ್ಲೇ ನಾವು ಬಾಳುತ್ತಿದ್ದೇವೆ. ಅವುಗಳ ನಾಡಿ ನೋಡುವವರು ಕಟ್ಟಡವೈದ್ಯರು. ಒಂದು ಕಟ್ಟಡದ ಚಿಕಿತ್ಸೆ ಮುಗಿದ ಮೇಲೆ ಅದರ ಮೊದಲ ನಿವಾಸಿಗಳಿಗೆ ಕಾಗದ ಬರೆಯುವುದು ನಮ್ಮ ವೃತ್ತಿಯ ರೂಢಿ. ಅದನ್ನು ಹಿಂದೋಲೆ ಎನ್ನುತ್ತೇವೆ. ಅದು ನಿಮಗೆ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಉಳಿದ ವೈದ್ಯರು ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಆಗುತ್ತಿಲ್ಲ. ಬರೆಯಲು ಕೂತಾಗಿನಿಂದ ಮತ್ತೆ ಮತ್ತೆ ಎದ್ದು ಓಡಾಡುತ್ತಿದ್ದೇನೆ.

ಹೋದ ಬೇಸಗೆಯಲ್ಲಿ ನನ್ನ ತಂಗಿಯ ಮಗಳು ತಾರಿಣಿ ಮತ್ತು ಅವಳ ಗಂಡ ಫಕೀರೇಶ ಮನೆ ಕೊಳ್ಳಲು ಹೊರಟರು. ಮದುವೆಯಾದಾಗಿನಿಂದ ಅವರು ಇನ್ನೊಂದು ಸಂಸಾರದ ಜತೆ ಒಂದೇ ಫ್ಲ್ಯಾಟಿನಲ್ಲಿ, ನಡುವೆ ಪರದೆ ಕಟ್ಟಿಕೊಂಡು ಇದ್ದವರು. ತಾರಿಣಿಗೆ ತನ್ನದೇ ಆದ ಒಂದು ಬಾಗಿಲು ಬೇಕಿತ್ತು, ಅಷ್ಟೆ. ಮಯೂರ ಶಿಖರದ ನಾಲ್ಕನೇ ಮಹಡಿಯಲ್ಲಿ ಇಂದವ್ವ ಎಂಬ ವಿಧವೆ ತಮ್ಮ ಮನೆ ಮಾರಿ ಬಾದಾಮಿಯ ತಮ್ಮನ ಬಳಿ ಹೋಗುವವರಿದ್ದರು. ಫಕೀರೇಶ ಬಾಲ್ಕನಿಯಲ್ಲಿ ನಿಂತು ಕೆರೆ ನೋಡಿದವನೇ ಮನಸ್ಸು ಮಾಡಿಬಿಟ್ಟ. ಆದರೂ ತಾರಿಣಿ ನನ್ನನ್ನು ಕರೆದಳು.

ನಾನು ಮಾರುವ ಮನೆಯನ್ನು ಕಡೆಗೆ ನೋಡುವವಳು. ಮೊದಲು ಅದರ ಕೆಳಗಿನ ಮನೆಯ ಬಾಗಿಲು ತಟ್ಟಿ, ಬಚ್ಚಲ ಚಾವಣಿ ನೋಡಿದೆ. ಮೇಲಿನ ಮನೆಯ ಬಚ್ಚಲು ಸೋರುತ್ತಿದ್ದರೆ ಅದು ಮಾರುವವರಿಗೆ ಗೊತ್ತಾಗುವುದಿಲ್ಲ, ಕೆಳಗಿನವರಿಗೆ ಗೊತ್ತಿರುತ್ತದೆ. ಅಲ್ಲಿ ಒಣಗಿತ್ತು. ಟೆರೇಸಿಗೆ ಹತ್ತಿದೆ. ಒಂದು ಬಕೆಟ್ ನೀರು ಸುರಿದೆ. ಅದು ನಿಲ್ಲದೆ ಕೊಳವೆಯ ಕಡೆಗೇ ಹರಿಯಿತು. ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಇದೆಯೇ ಎಂದು ಹೊರಗೋಡೆಯನ್ನು ಸುತ್ತಿ ನೋಡಿದೆ. ನಮ್ಮದು ಎರೆಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ತಳಪಾಯ ಆಳಕ್ಕೆ ಹೋಗಿರದಿದ್ದರೆ ಗೋಡೆಗಳು ಹಾಗೆ ಸೀಳುತ್ತವೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಇಷ್ಟರಲ್ಲಿ ಫಕೀರೇಶನಿಗೆ ಮುಜುಗರವಾಗಿತ್ತು. ಮಾಡಿಟ್ಟ ಚಹಾ ಆರಿಹೋಗುತ್ತಿದೆ, ಮನೆಯವರು ಕಾಯುತ್ತಿದ್ದಾರೆ ಎಂದು ಅವಸರ ಮಾಡಿದ. ನನಗೆ ಇನ್ನು ನೆಲಮಾಳಿಗೆಯೊಂದು ಉಳಿದಿತ್ತು.

ನೀವು ಅಲ್ಲಿ ಕಾರು ನಿಲ್ಲಿಸುವವರಿದ್ದೀರಿ. ನಮ್ಮಲ್ಲಿ ಸ್ವಂತ ಕಾರುಗಳಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಮಧ್ಯಾಹ್ನ ಮೇಲಿನ ಮಹಡಿಗಳಲ್ಲಿ ಮನುಷ್ಯರು ಇರಲಾಗುವುದಿಲ್ಲ. ಎಲ್ಲರೂ ಆ ನೆಲಮಾಳಿಗೆಗೆ ಇಳಿಯುತ್ತಾರೆ. ಅದನ್ನು ತಂಪುಮನೆ ಎನ್ನುತ್ತೇವೆ. ಅಲ್ಲಿ ರೊಟ್ಟಿ ಬಡಿಯುತ್ತಾರೆ, ಮಕ್ಕಳಿಗೆ ಪಾಠ ಹೇಳುತ್ತಾರೆ, ಮುದುಕರು ಚಾಪೆ ಹಾಸಿ ಒರಗುತ್ತಾರೆ. ನಾನು ಇಳಿದಾಗ ಮಧ್ಯಾಹ್ನವಾಗಿತ್ತು, ಇಡೀ ಕಟ್ಟಡವೇ ಅಲ್ಲಿತ್ತು. ಈಶಾನ್ಯದ ಮೂಲೆಗಂಬಕ್ಕೆ ಸುತ್ತಲೂ ಹಲಗೆ ಹೊಡೆದು, ಬುಡದಲ್ಲಿ ಕೂರಲು ಕಟ್ಟೆ ಮಾಡಿದ್ದರು. ಕಟ್ಟೆಯ ಮೇಲೆ ಇಬ್ಬರು ಹೆಣ್ಣುಮಕ್ಕಳು ಕೂತು ಶೇಂಗಾ ಸುಲಿಯುತ್ತಿದ್ದರು. ಗೋಡೆಗಿವಿಯನ್ನು ಹಲಗೆಗೆ ಹಚ್ಚಿದೆ. ಕಾಂಕ್ರೀಟಿನೊಳಗಿನ ಕಬ್ಬಿಣ ಎಷ್ಟು ಉಳಿದಿದೆ ಎಂದು ಕೇಳಿಸಿಕೊಂಡು ಹೇಳುವ, ಅಂಗೈಯಷ್ಟಗಲದ ಸಾಧನ ಅದು. ಅದು ಏನನ್ನೂ ಹೇಳಲಿಲ್ಲ. ಹಲಗೆಯ ಆಚೆಯ ಕಬ್ಬಿಣವೂ ಅದಕ್ಕೆ ಕೇಳಿಸಬೇಕಿತ್ತು. ಹಲಗೆ ಬಿಚ್ಚಬೇಕು ಎಂದೆ.

ಇಂದವ್ವ ಮುಂದೆ ಬಂದರು. "ಮುಚ್ಚಿಸಿದವ್ರು ನಮ್ಮ ಮನಿಯವ್ರೇ," ಎಂದರು. "ಕೆಂಪು ನೀರು ಇಳಿದು ಹುಡುಗ್ರ ಅಂಗಿ ಹೊಲಸಾಗ್ತಿದ್ವು, ಅದಕ್ಕ ಹಲಗಿ ಹೊಡಸಿದ್ರು. ತಗೀರಿ, ನೋಡೂಣು."

ಹಲಗೆ ಸರಿಸಿದ ಕೂಡಲೇ ಕಾಂಕ್ರೀಟು ಹಪ್ಪಳದಂತೆ ಪದರ ಪದರವಾಗಿ ಉದುರಿತು. ಒಳಗಿನ ಸರಳುಗಳು ತುಕ್ಕು ಹಿಡಿದು ಉಬ್ಬಿದ್ದವು. ಅವುಗಳನ್ನು ಸುತ್ತಿ ಹಿಡಿಯುವ ಉಂಗುರಗಳು ಹೆಸರಿಗೂ ಇರಲಿಲ್ಲ. ಕಂಬದ ನೆತ್ತಿಗೆ ಸೇರುವ ತೊಲೆಯಲ್ಲಿ ಒಂದು ದುಂಡನೆಯ ತೂತು. ಅದರ ಮೂಲಕ ನೆಲಮಹಡಿಯ ಬಚ್ಚಲ ಕೊಳವೆ ಹಾದುಹೋಗಿತ್ತು. ತೂತು ಕೊರೆಯುವಾಗ ತೊಲೆಯ ಸರಳುಗಳನ್ನೂ ಕತ್ತರಿಸಿದ್ದರು. ಅಲ್ಲಿಂದ ಜಿನುಗಿದ ಹೊಲಸು ನೀರು ತಲೆಮಾರುಗಟ್ಟಲೆ ಈ ಕಂಬದ ಒಳಗೆ ಇಳಿದಿತ್ತು. ಆ ತೂತಿನ ಅಂಚು ಗೋಡೆಯ ಮೊಟ್ಟಮೊದಲ ಬಣ್ಣದ ಅಡಿಯಲ್ಲಿತ್ತು. ಅಂದರೆ ಕಟ್ಟಡಕ್ಕೆ ಬಣ್ಣ ಬಳಿಯುವ ಮುನ್ನವೇ, ನಿಮ್ಮ ಕಣ್ಣೆದುರೇ, ಅದನ್ನು ಕೊರೆದಿದ್ದಾರೆ.

ಇಂಥದ್ದನ್ನು ಕಂಡರೆ ಕಟ್ಟಡವೈದ್ಯರು ತೆರವು ಬಾವುಟ ಏರಿಸಬೇಕು. ಏರಿಸಿದ ಮೇಲೆ ಯಾರೂ ಒಳಗಿರುವಂತಿಲ್ಲ. ಫಕೀರೇಶ ನನ್ನನ್ನು ಮೆಟ್ಟಿಲ ಹತ್ತಿರ ಕರೆದೊಯ್ದು ತಡೆದ. ಮನೆ ಕೈತಪ್ಪುತ್ತದೆ ಎಂಬ ಕೋಪ ಅವನ ಮುಖದಲ್ಲಿ ಇರಲಿಲ್ಲ. ಅವನು ನೋಡುತ್ತಿದ್ದದ್ದು ಚಾಪೆಯ ಮೇಲಿನ ಮುದುಕರನ್ನು.

"ಅತ್ತಿ, ಈ ಬಿಸಲಾಗ ಇವರೆಲ್ಲಾ ಎಲ್ಲಿ ಹೋಗ್ಬೇಕ್ರಿ? ಮಳಿ ಬರೂತನಾ ತಡೀರಿ."

"ಕಂಬ ತಡೀತೈತೇನಪಾ?" ಎಂದೆ.

ಆ ಕಂಬ ಅಂದೇ ಕುಸಿಯಬಹುದಿತ್ತು, ಇನ್ನೊಂದು ವರ್ಷ ನಿಲ್ಲಲೂಬಹುದಿತ್ತು. ನಾನು ಬಾವುಟ ಏರಿಸಿದೆ.

ಜನ ಬೈದರು. ಬೈಯುತ್ತಲೇ ಹಾಸಿಗೆ, ಪಾತ್ರೆ ಹೊತ್ತು ಹತ್ತಿರದ ಹಳೆಯ ಹತ್ತಿ ಗೋದಾಮಿಗೆ ನಡೆದರು. ಅದರ ತಗಡಿನ ಚಾವಣಿಯ ಕೆಳಗೆ ಒದ್ದೆ ಗೋಣಿ ಕಟ್ಟಿದೆವು. ತಾರಿಣಿಯೂ ಫಕೀರೇಶನೂ ಕೆಲಸಕ್ಕೆ ರಜೆ ಹಾಕಿ ನೀರು ಹೊತ್ತರು. ಇತ್ತ ನಾನು ಕಂಬದ ಸುತ್ತ ಉಕ್ಕಿನ ಜಾಕುಗಳನ್ನು ನಿಲ್ಲಿಸಿ ಕಟ್ಟಡದ ಭಾರವನ್ನು ಅವುಗಳಿಗೆ ವರ್ಗಾಯಿಸುತ್ತಿದ್ದೆ. ಆ ವಾರವೇ ಇಂದವ್ವನಿಗೆ ಬಿಸಿಲು ಹೊಡೆಯಿತು. ಆಸ್ಪತ್ರೆಗೆ ಸೇರಿಸಿದೆವು. ಅವರು ಉಳಿಯಲಿಲ್ಲ. ಬಾದಾಮಿಯಿಂದ ತಮ್ಮ ಬಂದ. ಕಾರ್ಯ ಮುಗಿಸಿ, ಅಕ್ಕನ ಪೆಟ್ಟಿಗೆ ಹೊತ್ತುಕೊಂಡು ಹೊರಟ. ಫಕೀರೇಶ ಬಹಳ ದಿನ ನನ್ನೊಡನೆ ಮಾತು ಬಿಟ್ಟ.

ಮಳೆ ಹಿಡಿದ ಮೇಲೆ ಹಳೆಯ ಕಂಬವನ್ನು ಕತ್ತರಿಸಿದೆವು. ಬೈದವರೆಲ್ಲ ನೋಡಲು ಬಂದಿದ್ದರು. ಗರಗಸಕ್ಕೆ ಕೆಲಸವೇ ಇರಲಿಲ್ಲ. ನಡುಭಾಗದ ಸರಳು ಕೈಯಲ್ಲಿ ಹಿಡಿದರೆ ಪುಡಿಯಾಯಿತು. ಫಕೀರೇಶ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಹೊರಗೆ ಹೋಗಿ ಮಳೆಯಲ್ಲೇ ನಿಂತ. ನಾನು ಸರಿ ಎಂದು ಯಾರಾದರೂ ಹೇಳುತ್ತಾರೆಂದು ಕಾಯುತ್ತಿದ್ದೆನೇನೋ. ಯಾರೂ ಹೇಳಲಿಲ್ಲ. ಹೇಳಿದ್ದರೂ ಇಂದವ್ವ ತೀರಿಹೋಗಿದ್ದರು.

ಹೊಸ ಕಂಬ ನಿಂತು, ಜನ ವಾಪಸಾದ ಮೇಲೆ ತಾರಿಣಿ ಬಂದು ಇಂದವ್ವನ ತಮ್ಮನಿಂದ ಅದೇ ಮನೆಯನ್ನು ಕೊಳ್ಳುವುದಾಗಿ ಹೇಳಿದಳು. ನಾನು ಬೇಡವೆಂದೆ. ಊರಲ್ಲಿ ಬೇರೆ ಮನೆಗಳಿವೆ, ಅಲ್ಲಿ ನಿನಗೆ ಇದೆಲ್ಲ ನೆನಪಾಗುವುದಿಲ್ಲ ಎಂದೆ.

"ಬ್ಯಾರೆ ಮನ್ಯಾಗ ಗ್ವಾಡಿ ಒಳಗ ಏನೈತಿ ಅಂತ ನಂಗ ಗೊತ್ತಿಲ್ಲ ದೊಡ್ಡವ್ವ," ಎಂದಳು. "ಇದರದ್ದು ಗೊತ್ತೈತಿ."

ಈಗ ಅವರು ಅಲ್ಲಿದ್ದಾರೆ. ಫಕೀರೇಶ ಪ್ರತಿ ಭಾನುವಾರ ಕೆಳಗಿಳಿದು ಕಂಬಗಳನ್ನು ಮುಟ್ಟಿ ನೋಡುತ್ತಾನಂತೆ. ಹೋದ ತಿಂಗಳು ನನ್ನನ್ನು ಊಟಕ್ಕೆ ಕರೆದ. ಉಂಡೆ, ಆದರೆ ಉಂಡ ಮೇಲೆ ಕೂರಲಾಗಲಿಲ್ಲ; ಆ ಮನೆಯಲ್ಲಿ ನನಗೆ ಇನ್ನೂ ಕೂರಲಾಗುವುದಿಲ್ಲ.

ನಿಮ್ಮ ಕಾಲದಲ್ಲಿ ಈ ಎಲ್ಲವೂ ಇನ್ನೂ ಆಗಬೇಕಿದೆ. ನಾಳೆ ಸೈಟಿಗೆ ಹೋದಾಗ ಬಣ್ಣ ಬಳಿದು ಸಿಂಗರಿಸಿದ ಮಾದರಿ ಮನೆಯಲ್ಲೇ ಸುತ್ತಾಡಬೇಡಿ. ಮಣ್ಣಿನ ಪರೀಕ್ಷೆಯ ವರದಿ ಕೇಳಿ. ಕಂಬ ತೊಲೆಗಳ ನಕಾಶೆ ಕೇಳಿ; ಕೊಡಲು ಹಿಂದೆಮುಂದೆ ನೋಡಿದರೆ ಮುಂಗಡ ಕೊಡಬೇಡಿ. ಅದನ್ನು ಬಿಲ್ಡರನ ಸಂಬಳ ಪಡೆಯದ ಬೇರೊಬ್ಬ ಇಂಜಿನಿಯರಿಗೆ ತೋರಿಸಿ. ಟೈಲ್ಸ್ ಹಾಕುವ ಮುನ್ನ ಬಚ್ಚಲಲ್ಲಿ ನೀರು ಕಟ್ಟಿ ನಿಲ್ಲಿಸಲು ಹೇಳಿ, ಮರುದಿನ ಕೆಳಗಿನ ಚಾವಣಿ ನೋಡಿ. ಗೋಡೆ ಕಂಬಗಳಲ್ಲಿ ಬಿಳಿ ಉಪ್ಪು, ಕಂದು ಗೆರೆ ಕಂಡರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬಣ್ಣ ಹೊಡೆದು ಮುಚ್ಚಲು ಬಿಡಬೇಡಿ.

ಇನ್ನೊಂದು ಮಾತು ನಿಮ್ಮಲ್ಲಿ ಒಬ್ಬರಿಗೆ ಮಾತ್ರ. ನೆಲಮಹಡಿಯ ಈಶಾನ್ಯ ಮೂಲೆಯ ಮನೆ ಹಿಡಿದವರೇ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ವಾಸ್ತು ನೋಡಿಯೋ, ವಾಷಿಂಗ್ ಮಷೀನಿಗೆ ಜಾಗ ಸಾಲದೆಯೋ, ನೀವು ಒಂದು ದಿನ ಬಚ್ಚಲನ್ನು ಒಂದು ಮೊಳ ಆಚೆ ಸರಿಸಿಕೊಡಿ ಎಂದು ಕೇಳುತ್ತೀರಿ. ಮೇಸ್ತ್ರಿ ಒಲ್ಲೆನೆನ್ನುವುದಿಲ್ಲ, ಒಂದು ತೂತು ಕೊರೆದರಾಯಿತು ಎನ್ನುತ್ತಾನೆ. ಬಚ್ಚಲು ಇದ್ದಲ್ಲೇ ಇರಲಿ ಎಂದು ಅವನಿಗೆ ಹೇಳಿಬಿಡಿ.

ನಿಮ್ಮ,
ಸರ್ವಮಂಗಳಾ ಕುಂದಗೋಳ