ತಟ್ಟಿ ಬಿಡುವ ಕರೆಂಟು

ಅಪ್ಪಾ,

ಗುಂಡ್ಲುಪೇಟೆಯ ನಿನ್ನ ಅಂಗಡಿಯಲ್ಲಿ, ನಿನ್ನ ಸ್ಟೂಲಿನ ಮೇಲೆಯೇ ಕೂತು ಬರೆಯುತ್ತಿದ್ದೇನೆ. ಆನೆ ತಡೆಯುವ ಸೋಲಾರ್ ಬೇಲಿಯ ಮೆಷಿನ್ನುಗಳನ್ನು ಈಗ ನಾನೇ ರಿಪೇರಿ ಮಾಡುವುದು. ಹೆಣ್ಣುಮಗಳ ಕೈಲಿ ಏನಾದೀತು ಅಂದವರೇ ಮೆಷಿನ್ನು ಹೊತ್ತು ತಂದು ಕಾಯುತ್ತಾರೆ. ಇರಲಿ, ನನ್ನ ಜಂಬ ಸಾಕು. ಇವತ್ತು ಹೇಳಬೇಕಾದ್ದು ಅವ್ವನ ವಿಷಯ.

ನೀನು ಹಾಸಿಗೆ ಹಿಡಿದಿದ್ದಾಗ ಅವ್ವನ ಮೈಯಿಂದ ಅರಿಶಿನದ ವಾಸನೆ ಬರುತ್ತದೆ ಎಂದು ರೇಗಿಸುತ್ತಿದ್ದೆ, ನೆನಪಿದೆಯಾ? ಹೊಸ ಮದುವಣಗಿತ್ತಿ ಅನ್ನುತ್ತಿದ್ದೆ. ಅವಳು ಎದೆಯ ಗಂಟಿಗೆ ಅರಿಶಿನ ಅರೆದು ಕಟ್ಟಿಕೊಳ್ಳುತ್ತಿದ್ದಳು, ಅಪ್ಪ. ನಿನ್ನ ಆರೈಕೆ ತಪ್ಪೀತೆಂದು ಯಾರಿಗೂ ಬಾಯಿ ಬಿಡಲಿಲ್ಲ. ನೀನು ಹೋದ ಮೇಲೆ ಆಪರೇಷನ್ ಆಯಿತು, ಕೀಮೋ ಆಯಿತು. ಆದರೂ ಹೊಲಿಗೆ ಹಾಕಿದ ಜಾಗದಲ್ಲೇ ಮತ್ತೆ ಗಂಟುಗಳೆದ್ದು ಒಡೆದು, ರಸಿಗೆ, ವಾಸನೆ... ಊಟದ ತಟ್ಟೆ ಹಿಡಿದು ಹಿತ್ತಿಲಿಗೆ ಹೋಗತೊಡಗಿದಳು. ಮದುವೆ, ನಾಮಕರಣ ಎಲ್ಲ ಬಿಟ್ಟಳು. ನನ್ನನ್ನೂ ಹತ್ತಿರ ಸೇರಿಸುತ್ತಿರಲಿಲ್ಲ.

ಚಾಮರಾಜನಗರದ ಡಾಕ್ಟರಮ್ಮ ಕಾಗದದ ಮೇಲೊಂದು ಸೊನ್ನೆ ಬರೆದ ಗಳಿಗೆ ಕಣ್ಣಿಗೆ ಕಟ್ಟಿದಂತಿದೆ. ಆ ಸೊನ್ನೆ ಗಂಟಿನ ಒಂದು ಜೀವಕೋಶವಂತೆ. ಮದ್ದು ರಕ್ತದಲ್ಲಿ ಬಂದು ಸುತ್ತ ನಿಂತರೂ ಅದರ ಗೋಡೆ ದಾಟುವುದು ಕಷ್ಟ. ಆಗ ಗಂಟಿಗೆ ಸೂಜಿ ಚುಚ್ಚಿ ಕರೆಂಟಿನಿಂದ ಬಿಟ್ಟು ಬಿಟ್ಟು ತಟ್ಟುತ್ತಾರೆ. ಒಂದೊಂದು ಏಟೂ ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಚಿಕ್ಕದು. ಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳು ತೆರೆಯುತ್ತವೆ, ಮದ್ದು ಒಳಗೆ ನುಗ್ಗುತ್ತದೆ, ತೂತು ಮುಚ್ಚಿಕೊಳ್ಳುತ್ತದೆ. ಎಷ್ಟು ವೋಲ್ಟು ಮೇಡಂ ಎಂದು ಕೇಳಿಯೇಬಿಟ್ಟೆ. ನಮ್ಮ ಬೇಲಿಗಿಂತ ಕಡಿಮೆ, ಅಪ್ಪ! ಆನೆಯನ್ನು ಹೊರಗೆ ನಿಲ್ಲಿಸಲು ನೀನು ಬಳಸಿದ್ದನ್ನೇ ಇವರು ಮದ್ದನ್ನು ಒಳಗೆ ಬಿಡಲು ಬಳಸುತ್ತಾರೆ. ಇದನ್ನು ಮೊದಲು ಯೋಚಿಸಿದ ತಲೆ ಎಂಥದ್ದಿರಬೇಕು? ನೀನಿದ್ದಿದ್ದರೆ ಆ ಮೆಷಿನ್ನು ಬಿಚ್ಚಿ ತೋರಿಸಿ ಅಂತ ಡಾಕ್ಟರಮ್ಮನ ಪ್ರಾಣ ತಿನ್ನುತ್ತಿದ್ದೆ.

ಬೆಟ್ಟದ ತಪ್ಪಲಿನಲ್ಲಿ ಸತ್ತು ಬಿದ್ದಿದ್ದ ಆ ಆನೆ ಅವ್ವನಿಗೆ ಮರೆತಿರಲಿಲ್ಲ. ಯಾರೋ ಮನೆಯ ಲೈನನ್ನೇ ನೇರವಾಗಿ ಬೇಲಿಗೆ ಕೊಟ್ಟು... ಹಾಗಾಗಿ ಕರೆಂಟಿನ ಹೆಸರೆತ್ತಿದ್ದೇ ತಡ, ಹಟ ಹಿಡಿದಳು.

“ಕರೆಂಟ್ ಒಡಿಸ್ಕಂಡು ಸಾಯದ್ಕಿಂತ ಇಂಗೇ ಓಯ್ತೀನಿ, ಬುಡು ಕಣಮ್ಮಿ.”

ಕರೆಂಟು ತಟ್ಟಿ ಬಿಡಬೇಕು, ಹಿಡಿದುಕೊಳ್ಳಬಾರದು, ಹಿಡಿದರೇ ಸಾವು ಎಂದು ಆ ಆನೆ ಸತ್ತ ದಿನ ನೀನು ಹೇಳಿದ್ದೆಯಲ್ಲ, ನನ್ನ ಹತ್ತಿರ ಇದ್ದದ್ದು ಅದೊಂದೇ ಉತ್ತರ. ಅವಳನ್ನು ನಮ್ಮ ಹೊಲದ ಬೇಲಿಗೆ ಕರೆದೊಯ್ದೆ. ನೀನು ಕಲಿಸಿದ ಹಾಗೆ ಹಸಿ ಹುಲ್ಲಿನ ಎಸಳನ್ನು ತಂತಿಗೆ ತಾಗಿಸಿ ಮೊದಲು ನಾನು ಹಿಡಿದೆ, ಆಮೇಲೆ ಅವಳ ಕೈಗೆ ಕೊಟ್ಟೆ. ಬೇಲಿಯವನ ಹೆಂಡತಿಯಾಗಿ ಮೂವತ್ತು ವರ್ಷ ಬಾಳಿದವಳು ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ. ಬೆರಳ ತುದಿಗೆ ಸಣ್ಣಗೆ ತಟ್ಟಿತು, ಬಿಟ್ಟಿತು, ಮತ್ತೆ ತಟ್ಟಿತು.

“ಇಷ್ಟೇಯಾ?” ಅಂದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಂಪರು ಕೊಟ್ಟೇ ಮಾಡುವುದು, ಇಷ್ಟೂ ಗೊತ್ತಾಗುವುದಿಲ್ಲ ಎಂದೆ. ಮಾರನೆಯ ದಿನ ಅವಳೇ ಚೀಲಕ್ಕೆ ಸೀರೆ ತುಂಬಿಕೊಂಡಳು.

ಬೆಂಗಳೂರಿನ ಆಸ್ಪತ್ರೆಯಿಂದ ಬಂದ ಕೆಲವು ವಾರಕ್ಕೆ ಗಂಟುಗಳು ಕಪ್ಪಾಗಿ, ಹಕ್ಕಳೆಗಟ್ಟಿ, ಒಂದೊಂದಾಗಿ ಉದುರಿದವು. ಕೆಳಗೆ ಎಳೆಯ ಚರ್ಮ ಬಂದಿತ್ತು, ವಾಸನೆಯೂ ಹೋಗಿತ್ತು. ಅದನ್ನು ನೋಡುತ್ತಾ ನಾನು ಎಷ್ಟು ಹೊತ್ತು ಬಾಯಿ ತೆರೆದು ನಿಂತಿದ್ದೆನೋ. ಇದು ಗಾಯಕ್ಕಷ್ಟೇ ಮದ್ದು, ಒಳಗಿನ ಕಾಯಿಲೆ ಪೂರ್ತಿ ಹೋಗಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ. ಇನ್ನೆಷ್ಟು ದಿನವೋ... ಗೊತ್ತಿಲ್ಲ, ಅಪ್ಪ.

ಮೊನ್ನೆ ತಪಾಸಣೆಗೆಂದು ಚಾಮರಾಜನಗರದ ಬಸ್ಸು ಹತ್ತಿದೆವು. ಮೂರು ಜನರ ಸೀಟಿನಲ್ಲಿ ಅವ್ವ ನಡುವೆ ಕೂತಳು. ಕಿಟಕಿ ಪಕ್ಕದಲ್ಲಿದ್ದ ಹೆಂಗಸು ಯಾರೋ ಏನೋ, ಕೆಲಸ ಮಾಡಿ ದಣಿದವಳು, ತೂಕಡಿಸಿ ತೂಕಡಿಸಿ ಕೊನೆಗೆ ಅವ್ವನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಗಾಯವಿದ್ದ ಕಡೆಯ ಹೆಗಲು. ನಾನು ಎಬ್ಬಿಸಲು ಕೈ ಚಾಚಿದೆ. ಅವ್ವ ತಡೆದಳು.

“ಬ್ಯಾಡ ಕಣಮ್ಮಿ, ನೋಯ್ತಿಲ್ಲ, ಮನಗ್ಲಿ.”

ಅವಳ ಕಣ್ಣಲ್ಲಿ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲೂ ಅಲುಗಾಡಲಿಲ್ಲ. ಆಸ್ಪತ್ರೆಯ ಸ್ಟಾಪು ಬಂತು, ಹೋಯಿತು. ನಾವು ಇಳಿಯಲಿಲ್ಲ.