ಪಾಚಿಯ ಪುಟಕ್ಕೆ ಮಾವ ಬಳಿದ ಬಣ್ಣ

ಮಾರ್ಚ್ ೧೪
ಬೋರ್ಡಿನಂಗಡಿಯಿಂದ

ನನ್ನ ಮುದ್ದಿನ ಗುಬ್ಬಿಗೆ ಸೋದರಮಾವನ ಒಂದು ಲಾರಿ ತುಂಬ ಆಶೀರ್ವಾದ.

ವೆಬ್‌ಸೈಟ್ ಎಂಬುದನ್ನು ಭೂಮಿಯ ಮೇಲೆ ಮೊದಲು ಕಂಡುಹಿಡಿದವನು ನಾನು. ಹೆಸರು ಬೇರೆ ಯಾರೋ ಹೊಡೆದುಕೊಂಡರು, ಹೋಗಲಿ ಬಿಡು. ಏಳನೇ ಕ್ಲಾಸಿನಲ್ಲಿ ಶಾಲೆ ನನ್ನನ್ನು ಬಿಟ್ಟಿತು (ನಾನು ಬಿಟ್ಟಿದ್ದಲ್ಲ). ಆದರೂ ಈ ಬೀದಿಯ ಒಂದೊಂದು ಅಂಗಡಿಯ ಹಣೆಯ ಮೇಲೂ ನನ್ನ ಅಕ್ಷರವಿದೆ; ವೆಬ್‌ಸೈಟೂ ಒಂದು ಬೋರ್ಡೇ ತಾನೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬೇಕಷ್ಟೆ. ಹರಿಯುವ ಮೊದಲು ಓದು.

ನೀನು ಕೇಳಿದ್ದು ದೊಡ್ಡದೇನಲ್ಲ. ಆರು ವರ್ಷದಿಂದ ಕಾಲೇಜಿನಲ್ಲಿ ತಾತ್ಕಾಲಿಕ ಮೇಡಂ ಆಗಿದ್ದೆ, ಕಾಯಂ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು, ಅದಕ್ಕೆ ಸಂಶೋಧನೆಯ ಸ್ವಂತ ವೆಬ್‌ಸೈಟು, ಅದರಲ್ಲೊಂದು ಬ್ಲಾಗು ಇದ್ದರೆ ಒಳ್ಳೆಯದು ಎಂದಿದ್ದೆ. ಆಗ ನೀನು ಹಳೇ ಗೋಡೆಗಳ ಮುಂದೆ ಭೂತಗನ್ನಡಿ ಹಿಡಿದು ಪಾಚಿ ಎಣಿಸುತ್ತಿದ್ದೆ. ಬಣ್ಣ ಹಚ್ಚುವ ಮೊದಲು ನಾನು ನಲವತ್ತು ವರ್ಷ ಕೆರೆದು ಬಿಸಾಕಿದ ಅದೇ ಪಾಚಿ! "ಮಾವ, ಬರೆದಿದ್ದನ್ನ ಇದ್ದ ಹಾಗೇ ಹಾಕು, ಒಂದಕ್ಷರ ಮುಟ್ಬೇಡ" ಎಂದು ಪಾಸ್‌ವರ್ಡ್ ಕೊಟ್ಟೆ.

ಮುಟ್ಟಲೇ ಇಲ್ಲ ಎಂದು ನಿಮ್ಮಮ್ಮನಿಗೆ ಹೇಳಿದೆ. ಕಾಗುಣಿತ ಮಾತ್ರ ತಿದ್ದಿದೆ ಎಂದು ನಿನಗೆ ಹೇಳಿದೆ. ಈಗ ನಿಜ ಕೇಳು.

ನೀನು ಬರೆದದ್ದು: "ಗೋಡೆಯ ಪಾಚಿ ಗಾಳಿಯ ಕೊಳೆ ಹೀರುತ್ತದೆಯೇ ಎಂದು ನೋಡುತ್ತಿದ್ದೇನೆ. ಇನ್ನೂ ಗೊತ್ತಿಲ್ಲ. ಸಂಶೋಧನಾ ಪತ್ರಿಕೆಗೆ ಒಂದು ಲೇಖನ ಕಳಿಸಿದ್ದೇನೆ, ಉತ್ತರ ಬಂದಿಲ್ಲ." ಇದೂ ಒಂದು ಬರವಣಿಗೆಯೇನೇ ತಾಯಿ? ಯಾವ ಕ್ಷೌರದಂಗಡಿಯವನು "ಕತ್ತರಿಸಿ ನೋಡುತ್ತೇನೆ, ಬರುತ್ತದೋ ಇಲ್ಲವೋ ಗೊತ್ತಿಲ್ಲ" ಎಂದು ಬೋರ್ಡ್ ಬರೆಸುತ್ತಾನೆ? ನನ್ನ ಹತ್ತಿರ ಯಾರೇ ಬರಲಿ, "ಜಗತ್ಪ್ರಸಿದ್ಧ" ಎಂಬುದನ್ನು ಕೇಳದೆಯೇ ಬಿಟ್ಟಿ ಹಾಕಿಕೊಡುತ್ತೇನೆ. ನಿನಗೂ ಹಾಕಿದೆ. "ಜಗತ್ಪ್ರಸಿದ್ಧ ಪಾಚಿತಜ್ಞೆ. ಗಾಳಿ ಶುದ್ಧವಾಗುವುದು ಗ್ಯಾರಂಟಿ. ಲೇಖನ ಪ್ರಕಟವಾಗಿದೆ." ಕೊನೆಯ ಸಾಲಿಗೆ ಕೈ ಒಮ್ಮೆ ತಡೆಯಿತು. ಇವತ್ತಲ್ಲ ನಾಳೆ ಆಗುವುದೇ ತಾನೆ, ಅಷ್ಟಕ್ಕೆ ಮತ್ತೊಮ್ಮೆ ಏಣಿ ಯಾಕೆ ಹತ್ತಬೇಕು ಎಂದುಕೊಂಡೆ.

ಸಂದರ್ಶನದ ದಿನ ನಾನು ಹೊರಗೆ ಬೆಂಚಿನ ಮೇಲಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಕನ್ನಡಕದ ಹಿರಿಯ ಪ್ರೊಫೆಸರಮ್ಮ ನಿನ್ನ ಪುಟವನ್ನು ಪ್ರಿಂಟ್ ಹಾಕಿಸಿ ತಂದಿದ್ದರು. "ಯಾವ ಸಂಚಿಕೇಲಿ ಬಂದಿದೆ ಹೇಳಮ್ಮ" ಎಂದರು. ನೀನು ಅದನ್ನು ಮೊದಲ ಸಲ ಓದಿದ್ದು ಆಗಲೇ. ಪಕ್ಕದ ದಪ್ಪ ಮನುಷ್ಯ "ಗ್ಯಾರಂಟಿ ಕಾರ್ಡೂ ಕೊಡ್ತೀರಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಗುಬ್ಬಿ, ಸುಳ್ಳು ಹೇಳುವುದಿಲ್ಲ, ಜೋಕು ಚೆನ್ನಾಗಿತ್ತು. "ನಮ್ಮ ಮಾವ ಬರೆದದ್ದು" ಎಂದು ನೀನು ಹೇಳುತ್ತೀಯ, ಆಗ ಒಳಗೆ ಹೋಗಿ ಒಪ್ಪಿಕೊಳ್ಳೋಣ ಎಂದು ಅರ್ಧ ಎದ್ದೆ. ನೀನು "ಪುಟ ನಂದು ಮೇಡಂ, ಜವಾಬ್ದಾರಿನೂ ನಂದೇ" ಎಂದೆ. ನಾನು ಮತ್ತೆ ಕೂತುಕೊಂಡೆ.

ಆ ಪ್ರೊಫೆಸರಮ್ಮ, ಇದು ನಿಜವೇ ಎಂದು ಪತ್ರಿಕೆಗೆ ಬರೆದು ಕೇಳಿದರು. ಪತ್ರಿಕೆಯವರು ಲೇಖನವನ್ನು ಓದದೆಯೇ ವಾಪಸು ಕಳಿಸಿದರು. ಇದ್ದ ತಾತ್ಕಾಲಿಕ ಕೆಲಸವೂ ಹೋಯಿತು. ನಿಮ್ಮಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಲೋಟ ಕುಕ್ಕುವ ಸದ್ದಿನಲ್ಲೇ ಬೈಯುತ್ತಾಳೆ. ನೀನು ಬೇರೆ ಕಾಲೇಜಿಗೆ ಅರ್ಜಿ ಬರೆಯುತ್ತಿದ್ದೀಯಂತೆ. ಬರಿ. ಈ ಸಲ ನಾನು ಜೊತೆಗೆ ಬರುವುದಿಲ್ಲ.

ನಿನ್ನ ಕ್ಷೇಮವನ್ನೇ ಬಯಸುವ,
ಸೋದರಮಾವ

ಮರೆತಿದ್ದೆ: ಆ ಪುಟ ಅಳಿಸಿಬಿಟ್ಟೆ ಎಂದಿದ್ದೆನಲ್ಲ, ಅಳಿಸಿಲ್ಲ. ನನಗೆ ಅಳಿಸಲು ಬರುವುದಿಲ್ಲ. ಫೋನಿನಲ್ಲಿ ಸಿಕ್ಕ ಒಬ್ಬ "ಪಾಸ್‌ವರ್ಡ್ ಕೊಡಿ ಅಂಕಲ್, ಎರಡು ನಿಮಿಷದ ಕೆಲಸ" ಎಂದ. ಕೊಟ್ಟೆ. ಅದನ್ನು ಬದಲಾಯಿಸಿಕೊಂಡು, ವಾಪಸು ಕೊಡಲು ದುಡ್ಡು ಕೇಳಿದ. ಮತ್ತೆ ಕೇಳಿದ. ಈಗ ಅವನ ನಂಬರೇ ಚಾಲ್ತಿಯಲ್ಲಿಲ್ಲ, ನಿನ್ನ ಫೋಟೋ ಕೆಳಗೆ ಬೊಜ್ಜು ಕರಗಿಸುವ ಮಾತ್ರೆ ಮಾರುತ್ತಿದ್ದಾನೆ. ಹೊಸ ಅರ್ಜಿಯಲ್ಲಿ ಆ ವಿಳಾಸ ಬರೆಯಬೇಡ. ಐನೂರು ಹೋಯಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ಹೋದದ್ದು ಎಂಬತ್ತಮೂರು ಸಾವಿರ. ಅದರಲ್ಲಿ ಹನ್ನೊಂದು ಸಾವಿರ ನನ್ನದು, ಮಿಕ್ಕಿದ್ದು ನಿಮ್ಮಮ್ಮ ನಿನಗೆಂದು ನನ್ನ ಹತ್ತಿರ ಇಟ್ಟಿದ್ದು.